ಕಾಕೂ ಕೈಯ ಹ್ಯಾನ್ಸೆಲ್

ನಮ್ಮ ಕಾಕೂ ಇಲ್ಲದಿದ್ದರೆ ಮೆಲ್ಬರ್ನಿನ ಪಶ್ಚಿಮ ದಿಕ್ಕಿನ ಅರ್ಧ ಅಂಗಡಿಗಳು ಬಾಗಿಲು ತೆರೆದ ವಾರವೇ ಮುಚ್ಚಿಕೊಳ್ಳುತ್ತಿದ್ದವು. ಈ ಮಾತು ನನ್ನದಲ್ಲ, ಕಾಕೂನದೇ. ಅವಳ ಪ್ರಕಾರ ಅವಳ ಬಲಗೈಯಿಂದ ಬೋಣಿಯಾದ ಅಂಗಡಿ ಕೆಟ್ಟ ಉದಾಹರಣೆ ಇಲ್ಲ. ಕೆಟ್ಟ ಒಂದೆರಡನ್ನು ನೆನಪಿಸಿದರೆ, "ಅಲ್ಲಿ ನನಗಿಂತ ಮೊದಲ ಯಾರೋ ಬಂದು ಹೋಗಿದ್ರು" ಎನ್ನುತ್ತಾಳೆ. ಇದಕ್ಕೆ ನೀವೇನು ಹೇಳುತ್ತೀರಿ?

ಕಾಕೂ ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಹುಬ್ಬಳ್ಳಿಯವಳು, ಓದಿದವಳು, ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಗುಳಿಗೆಯ ವಿಷಯದಲ್ಲಿ ಪುರಾವೆ ಇಲ್ಲದೆ ಒಂದು ಮಾತನ್ನೂ ನಂಬುವವಳಲ್ಲ. ಬೋಣಿಯ ವಿಷಯದಲ್ಲಿ ಮಾತ್ರ ಪುರಾವೆ ಕೇಳಿದವರನ್ನೇ ನಂಬುವುದಿಲ್ಲ. ಅವಳಿರುವ ಟ್ರುಗನಿನಾ ಬಡಾವಣೆಯಲ್ಲಿ ನಮ್ಮವರು ಯಾರೇ ಏನೇ ಶುರು ಮಾಡಲಿ, ಕೇಕ್ ಆಗಲಿ, ಬ್ಯೂಟಿ ಪಾರ್ಲರ್ ಆಗಲಿ, ಹಿಂದಿನ ದಿನವೇ ಫೋನ್ ಬರುತ್ತದೆ: "ಆಂಟಿ, ನೀವೇ ಫಸ್ಟ್ ಬರಬೇಕು." ಕಾಕೂ ಹೋಗುತ್ತಾಳೆ. ಒಮ್ಮೆ ಪಂಜಾಬಿ ಹುಡುಗನೊಬ್ಬ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ ಇಟ್ಟ. ಕಾಕೂಗೆ ನಾಯಿ ಇಲ್ಲ. ಬಿಟ್ಟಳೇ? ಪಕ್ಕದ ಮನೆಯವರಿಂದ ನಾಯಿಯನ್ನು "ವಾಕಿಂಗಿಗೆ" ಎಂದು ಕೇಳಿ ಪಡೆದಳು. ಸಂಜೆ ವಾಪಸು ಬಂದ ನಾಯಿಯ ಮೈಮೇಲೆ ಕೂದಲಿರಲಿಲ್ಲ, ಹಣೆಯ ಮೇಲೆ ಕುಂಕುಮವಿತ್ತು. ಪಕ್ಕದ ಮನೆಯವರು ಅದು ತಮ್ಮ ನಾಯಿಯೇ ಅಲ್ಲ ಎಂದು ಬಾಗಿಲು ಹಾಕಿಕೊಂಡರಂತೆ.

ಭಾನುವಾರದ ಸಂತೆಯಲ್ಲಿ ಸಸಿ ಮಾರುವ ಸ್ಕಾಟ್ಲೆಂಡಿನ ಮುದುಕನೊಬ್ಬನಿದ್ದಾನೆ. ಕಾಕೂ ಒಂದು ಬೆಳಿಗ್ಗೆ ಅವನು ಟೇಬಲ್ ಬಿಡಿಸುವ ಮೊದಲೇ ಎದುರು ನಿಂತು, ಕರಿಬೇವಿನ ಸಸಿ ಎತ್ತಿಕೊಂಡು, ಇದು ಫಸ್ಟ್ ಸೇಲ್, ಕಡಿಮೆ ಮಾಡಲೇಬೇಕು, ಮೊದಲ ಗಿರಾಕಿ ಬರಿಗೈಲಿ ಹೋಗಬಾರದು ಎಂದು ವಾದಿಸಿದಳು. ಈ ದೇಶದಲ್ಲಿ ಇಂಥ ವಾದಕ್ಕೆ ಸಾಮಾನ್ಯವಾಗಿ ಒಂದು ನಗು ಸಿಗುತ್ತದೆ, ರಿಯಾಯಿತಿ ಸಿಗುವುದಿಲ್ಲ. ಆದರೆ ಮುದುಕ ತಕ್ಷಣ ಒಪ್ಪಿದ. ಅಷ್ಟೇ ಅಲ್ಲ, ಅವಳು ಕೊಟ್ಟ ನಾಣ್ಯಕ್ಕೆ ಥೂ ಎಂದು ಉಗುಳಿ ಜೇಬಿಗೆ ಹಾಕಿಕೊಂಡ!

ಕಾಕೂ ಗಾಬರಿಯಾದಳು. ಹುಬ್ಬಳ್ಳಿಯಲ್ಲಿ ಬೋಣಿಯ ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಉಗುಳುವುದಿಲ್ಲ. ಮುದುಕ ಕ್ಷಮೆ ಕೇಳಿ ವಿವರಿಸಿದ. ಅವರ ಕಡೆ ಇದಕ್ಕೆ ಹ್ಯಾನ್ಸೆಲ್ ಎನ್ನುತ್ತಾರಂತೆ. ಬಹಳ ಹಳೆಯ ಮಾತು. ದಿನದ ಮೊದಲ ವ್ಯಾಪಾರ ಹ್ಯಾನ್ಸೆಲ್. ಉಗುಳಿದರೆ ಅದೃಷ್ಟ ಅಂಟಿಕೊಳ್ಳುತ್ತದೆ ಎಂದು ಹಳೆಯ ವ್ಯಾಪಾರಿಗಳ ನಂಬಿಕೆ. ಹೊಸ ಕೋಟು ಹೊಲಿಸಿದರೆ ಜೇಬಿಗೆ ಒಂದು ನಾಣ್ಯ ಹಾಕಿಕೊಡಬೇಕು, ಹೊಸ ಮನೆಗೆ ಹೋದವರಿಗೆ ಏನಾದರೂ ಕೈಗಿಡಬೇಕು, ಅದೂ ಹ್ಯಾನ್ಸೆಲ್ಲೇ. ಹೊಸ ವರ್ಷದ ಮೊದಲ ಸೋಮವಾರಕ್ಕೇ ಆ ಹೆಸರಿತ್ತು. ಹೊಲದ ಆಳುಗಳಿಗೆ ಅಂದು ರಜೆ, ಒಡೆಯನಿಂದ ಉಡುಗೊರೆ. ಕ್ರಿಸ್ಮಸ್ ದೊಡ್ಡ ಹಬ್ಬವಾದ ಮೇಲೆ ಆ ಸೋಮವಾರವನ್ನು ಎಲ್ಲರೂ ಮರೆತರು ಎಂದು ಮುದುಕ ಬೇಜಾರು ಮಾಡಿಕೊಂಡ.

ಅಂದೇ ಸಿಡ್ನಿಯಲ್ಲಿದ್ದ ನನಗೆ ಕಾಕೂನ ಫೋನ್. "ನೋಡವಾ, ಅವರ ಹಿರಿಯರು ನಮ್ಮ ಕಡೆಯವರ ಇರಬೇಕು."

ಹಿಂದಿನಿಂದ ಕಾಕಾನ ದನಿ ಕೇಳಿಸಿತು: "ಹಂಗಿದ್ರ ಬ್ಯಾಂಕಿನವರಿಗೆ ಹೇಳು, ಮಾರ್ಟ್‌ಗೇಜಿನ ಮೊದಲ ಕಂತಿಗೆ ಹ್ಯಾನ್ಸೆಲ್ ಕೊಡಲಿ."

ಅಲ್ಲಿಂದ ನಮಗೆಲ್ಲ ಕಷ್ಟ ಶುರುವಾಯಿತು. ಸಿಡ್ನಿಯ ವೆಸ್ಟ್‌ಮೀಡಿನ ನಮ್ಮ ಮನೆಗೆ ಬಂದವಳು ನನ್ನ ಗಂಡನ ಹೊಸ ಕೋಟಿನ ಜೇಬುಗಳಿಗೆಲ್ಲ ಒಂದೊಂದು ನಾಣ್ಯ ತುಂಬಿಸಿ ಹೋದಳು. ಒಳಜೇಬು, ಕಳ್ಳಜೇಬು ಯಾವುದನ್ನೂ ಬಿಟ್ಟಿರಲಿಲ್ಲ. ಏರ್‌ಪೋರ್ಟಿನಲ್ಲಿ ಅವನು ಮತ್ತೆ ಮತ್ತೆ ತಪಾಸಣೆಯ ಗೇಟು ದಾಟಿದ, ಗೇಟು ಮತ್ತೆ ಮತ್ತೆ ಕೂಗಿತು. ಕೊನೆಗೆ ವಿಮಾನ ಅವನನ್ನು ಬಿಟ್ಟು ಹೋಯಿತು. "ಒಳ್ಳೇದಾತು ಬಿಡು, ಆ ವಿಮಾನದಾಗ ಏನ್ ಕಾದಿತ್ತೋ" ಎಂದಳು ಕಾಕೂ.

ಇಷ್ಟೆಲ್ಲ ನಗಾಡಿದ ನಾನು ಕಳೆದ ವರ್ಷ ಅವಳ ಮುಂದೆಯೇ ಕೈ ಚಾಚಬೇಕಾಯಿತು. ನಾನು ಫಿಸಿಯೋಥೆರಪಿಸ್ಟ್. ಆಸ್ಪತ್ರೆಯ ಕಾಯಂ ಕೆಲಸ ಬಿಟ್ಟು, ಗಂಡ ಮಗಳನ್ನು ಕಟ್ಟಿಕೊಂಡು ಮೆಲ್ಬರ್ನಿಗೆ ಬಂದು, ಬಾಕ್ಸ್ ಹಿಲ್‌ನಲ್ಲಿ ಒಂದು ಕೋಣೆ ರೆಂಟಿಗೆ ಹಿಡಿದು ಸ್ವಂತ ಕ್ಲಿನಿಕ್ ಇಟ್ಟೆ. ಬೋರ್ಡ್ ಬಂತು, ಮಂಚ ಬಂತು, ಬುಕಿಂಗ್ ಮಾತ್ರ ಒಂದೂ ಬರಲಿಲ್ಲ. ಹೆದರಿಕೆಯಿಂದ ಊಟ ಸೇರುತ್ತಿರಲಿಲ್ಲ. ಇಂಥದನ್ನೆಲ್ಲ ನಂಬದ ನಾನೇ ಫೋನ್ ಮಾಡಿದೆ.

"ನನಗ ಏನೂ ಬ್ಯಾನಿ ಇಲ್ಲಲ್ಲ," ಎಂದಳು ಕಾಕೂ. ಸ್ವಲ್ಪ ಯೋಚಿಸಿ, "ಇರಲಿ, ಏನರ ಒಂದು ಹುಡುಕ್ತೀನಿ."

ಊರಿನ ಆ ತುದಿಯಿಂದ ಈ ತುದಿಗೆ ರೈಲು ಬದಲಿಸಿಕೊಂಡು, ಇಳಕಲ್ ಸೀರೆಯುಟ್ಟು ಬಂದಳು. ಎಲ್ಲಿ ನೋವು ಎಂದು ಕೇಳಿದೆ. "ಎಡ ಮೊಣಕಾಲು" ಎಂದು ಬಲಗಾಲು ಚಾಚಿದಳು. ಇಬ್ಬರೂ ನಕ್ಕೆವು. ಹೇಗೂ ಬಂದಿದ್ದಾಳೆ, ಪೂರ್ತಿ ನೋಡಿಬಿಡೋಣ ಎಂದು ಎರಡೂ ಕೈ ಮೇಲೆತ್ತಲು ಹೇಳಿದೆ. ಎಡಗೈ ಕಿವಿಯವರೆಗೆ ಹೋಯಿತು. ಬಲಗೈ ಭುಜದ ಮಟ್ಟಕ್ಕೂ ಬರಲಿಲ್ಲ.

"ಸಾಕಲ್ಲ," ಎಂದು ಸೆರಗು ಸರಿಮಾಡಿಕೊಂಡಳು. "ನಾ ಬಂದದ್ದು ಮೊಣಕಾಲಿಗೆ."

ನಾನು ಮೊಣಕೈ ಹಿಡಿದು ಮೆಲ್ಲಗೆ ಎತ್ತಿದೆ. ಹಲ್ಲು ಕಚ್ಚಿಕೊಂಡಳು, ಕಣ್ಣಲ್ಲಿ ನೀರು ಬಂತು. ಯಾವಾಗಿನಿಂದ ಎಂದು ಕೇಳಿದೆ.

"ನಿಮ್ಮ ಕಾಕಾ ಸ್ಟ್ರೋಕ್ ಆಗಿ ಮಲಗಿದ್ರಲ್ಲ, ಅವರನ್ನ ಎತ್ತಿ ಕೂಡ್ಸಿ, ಎತ್ತಿ ಕೂಡ್ಸಿ… ಅವರೇನೋ ಎದ್ದು ಅಡ್ಡಾಡ್ತಾರ ಈಗ."

"ಯಾರಿಗೂ ಹೇಳಲಿಲ್ಲೇನು ಕಾಕೂ? ಅಂಗಡಿಯೊಳಗ ದಿನಾ ಡಾಕ್ಟರ ಚೀಟಿ ನೋಡ್ತಿ."

ಅವಳು ಕಿಟಕಿಯ ಕಡೆ ತಿರುಗಿದಳು. "ಹೆಂಗ್ ಹೇಳಲಿ? ಎಲ್ಲಾರೂ ನನ್ನ ಕೈ ಛಲೋ ಅಂತಾರ. ಈ ಕೈಗೇ ಬ್ಯಾನಿ ಅಂತ ಗೊತ್ತಾದ್ರ ಯಾರು ಕರೀತಾರ? ಕರೀಲಿಲ್ಲಂದ್ರ ಈ ದೇಶದಾಗ ನಾ ಯಾರ ಮನಿಗೆ ಹೋಗಲಿ?"

ನನಗೆ ಕ್ಲಿನಿಕ್ಕೂ ಮರೆತುಹೋಯಿತು, ಬೋಣಿಯೂ ಮರೆತುಹೋಯಿತು. ಅವಳ ಅಂಗಡಿ ಸುತ್ತಾಟವನ್ನು ನಾನು ಊರಿಗೆಲ್ಲ ಹೇಳಿ ನಗಿಸಿದ್ದೆ. ಅವಳು ಯಾರಾದರೂ ಕರೆಯಲಿ ಎಂದು ಕಾಯುತ್ತಿದ್ದಳು. ಮಂಗಳವಾರ ಮತ್ತೆ ಬರಬೇಕೆಂದೆ.

"ಎರಡನೇ ಸಲ ಬಂದ್ರ ಬೋಣಿ ಆಗೂದಿಲ್ಲಲ್ಲೇ."

"ಬೋಣಿಗೆ ಅಲ್ಲ ಕಾಕೂ. ನೀ ಬರಬೇಕು, ಅದಕ್ಕ."

ಕಾಕೂ ಆ ಕೈಯನ್ನು ತಾನಾಗಿಯೇ ನನ್ನ ಕೈಗೆ ಕೊಟ್ಟು, "ಸಾವಕಾಶ ಎತ್ತವಾ," ಎಂದಳು.