ಅವ್ವನ ಸೋಬಾನೆಗೆ ನಾನು ಕೈ ಎತ್ತಿದ್ದು

ಮದುವೆ ಮನೆಯಲ್ಲಿ ಒಬ್ಬ ಗಂಡಸಿಗೆ ಎಂಥ ಕೆಲಸ ವಹಿಸುತ್ತಾರೆ ಎಂಬುದರಿಂದ ಮನೆಯವರಿಗೆ ಅವನ ಮೇಲೆ ಎಷ್ಟು ಭರವಸೆಯಿದೆ ಎಂದು ತಿಳಿದುಬಿಡುತ್ತದೆ. ಮಗಳು ಸುಜಾತಳ ಮದುವೆ ನಿಶ್ಚಯವಾದಾಗ ಛತ್ರ, ಅಡುಗೆ, ಸೀರೆ ಎಲ್ಲವನ್ನೂ ನನ್ನ ಹೆಂಡತಿ ಭಾಗ್ಯ ತಾನೇ ಇಟ್ಟುಕೊಂಡು, "ಹಾಡು, ಸಂಗೀತ ನೀವು ನೋಡ್ಕೊಳ್ಳಿ ಕಣ್ರೀ. ಅದು ಕೆಟ್ರೂ ಯಾರೂ ಉಪವಾಸ ಹೋಗಲ್ಲ" ಎಂದಳು. ನಾನು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವನು. "ಉಸಿರು ಬಿಗಿ ಹಿಡೀರಿ, ಅಲುಗಾಡ್ಬೇಡಿ" ಎನ್ನುತ್ತಲೇ ಅರ್ಧ ಆಯಸ್ಸು ಕಳೆದವನಿಗೂ ಸಂಗೀತಕ್ಕೂ ಏನು ನಂಟು?

ನಮ್ಮದು ಬೌದ್ಧ ಪದ್ಧತಿಯ ಮದುವೆ. ಬುದ್ಧನ ಮುಂದೆ ದೀಪ ಹಚ್ಚಿ, ಭಂತೇಜಿ, ಅಂದರೆ ಬೌದ್ಧ ಭಿಕ್ಷು, ವಂದನೆ ಹೇಳಿಕೊಟ್ಟು, ಹುಡುಗ ಹುಡುಗಿ ಹಾರ ಬದಲಿಸಿಕೊಂಡರೆ ಮುಗಿಯಿತು. ಮುಹೂರ್ತವಿಲ್ಲ, ಹಾಗಾಗಿ ಗಟ್ಟಿಮೇಳವೂ ಇಲ್ಲ. "ಶಾಂತವಾಗಿ ನಡೆದುಹೋಗುತ್ತೆ ಬಿಡು" ಎಂದರೆ ಭಾಗ್ಯ, "ಅದು ಮದ್ವೆ ಕಣ್ರೀ, ಲೈಬ್ರರಿ ಅಲ್ಲ" ಎಂದಳು. ಸರಿ, ಹುಡುಕಲು ಹೊರಟೆ. ರಾಜೀವನಗರದ ಕಡೆ ಸ್ಪೀಕರ್ ಬಾಡಿಗೆಗೆ ಕೊಡುವವರೊಬ್ಬರು, "ಸಾರ್, ನಮ್ ಬಾಕ್ಸ್ ಹಾಕುದ್ರೆ ಬಂದೋರ ಎದೆಗೂಡು ನಡುಗ್ಬೇಕು, ಅಂಗಿರ್ತದೆ" ಎಂದರು. ಎದೆಗೂಡು ನಡುಗಿದರೆ ಚಿತ್ರ ಕೆಡುತ್ತದೆ ಎಂಬುದಷ್ಟೇ ನನಗೆ ಗೊತ್ತಿರುವ ವಿದ್ಯೆ, ಕೈಮುಗಿದು ಬಂದೆ. ಲಕ್ಷ್ಮೀಪುರಂನಲ್ಲಿ ಕೊಳಲು ಕಲಿಸುವ ಒಬ್ಬರಿದ್ದಾರೆಂದು ಗೊತ್ತಾಗಿ ಭಾಗ್ಯಳನ್ನೂ ಕರೆದುಕೊಂಡು ಹೋದೆ. ಅವರು ಕಣ್ಮುಚ್ಚಿ ಹತ್ತು ನಿಮಿಷ ನುಡಿಸಿದರು. ಭಾಗ್ಯ ಸೆರಗಿನಿಂದ ಎರಡು ಸಲ ಕಣ್ಣೊರೆಸಿಕೊಂಡಳು. ನನ್ನ ಕೆಲಸ ಮುಗಿಯಿತು ಎಂದು ನಾನು ಹಿಗ್ಗಿದೆ. ಮೆಟ್ಟಿಲಿಳಿಯುತ್ತ ಅವಳು, "ತುಂಬಾ ಚೆನ್ನಾಗಿತ್ತು. ಆದ್ರೆ ಬೇಡ. ಬಂದೋರೆಲ್ಲ ಊಟ ಬಿಟ್ಟು ಅತ್ಕೊಂಡು ಹೋಗ್ತಾರೆ" ಎಂದಳು.

ಆ ಸಂಜೆ ಸುಜಾತ ನನ್ನ ಪಕ್ಕ ಬಂದು ಕೂತಳು. "ಅಪ್ಪಾ, ಇಷ್ಟೆಲ್ಲ ಯಾಕೆ? ಅಜ್ಜಿ ಹಾಡ್ಲಿ."

"ಅಜ್ಜಿ ಹಾಡ್ತಾಳೆ ಅಂತ ನಿಂಗ್ಯಾರು ಹೇಳಿದ್ರು?"

"ಚಿಕ್ಕೋಳಿದ್ದಾಗ ನಂಗೆ ಜಡೆ ಹಾಕ್ತಾ ದಿನಾ ಹಾಡ್ತಿದ್ರು. ನೀವು ಡ್ಯೂಟಿಗೆ ಹೋದ್ಮೇಲೆ."

ಇಲ್ಲಿ ನಿಮಗೊಂದು ತಪ್ಪೊಪ್ಪಿಗೆ ಹೇಳಲೇಬೇಕು. ನನ್ನವ್ವ ಪುಟ್ಟಸಿದ್ದಮ್ಮ ಒಂದು ಕಾಲಕ್ಕೆ ನಮ್ಮೂರ ಸುತ್ತಮುತ್ತ ಹೆಸರಾದ ಸೋಬಾನೆ ಹಾಡುಗಾರ್ತಿ. ಅವಳ ದನಿಯಿಲ್ಲದೆ ಯಾರ ಮನೆಯಲ್ಲೂ ಮದುಮಕ್ಕಳನ್ನು ಹಸೆಗೆ ಕರೆಯುತ್ತಿರಲಿಲ್ಲ. ನಾನು ಮೈಸೂರಿಗೆ ಓದಲು ಬಂದು, ಗೆಳೆಯರ ಜೊತೆ ಬೌದ್ಧನಾದೆ, ಎರಡೇ ವರ್ಷಕ್ಕೆ ನನ್ನ ಮದುವೆಯಾಯಿತು. ಹೊಸದಾಗಿ ಕಲಿತವನ ಹುರುಪು ಕೇಳಬೇಕೆ? ಬುದ್ಧ ಸಾವಧಾನ ಹೇಳಿದ್ದ, ನಾನು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿತಿದ್ದೆ. ಅವತ್ತು ಅವ್ವ ಹೊಸ ಸೀರೆ ಉಟ್ಟು, ಗಂಟಲು ಸರಿ ಮಾಡಿಕೊಂಡು, ಹಾಡು ಎತ್ತಿದಳು. ಮೊದಲ ಸಾಲಿನಲ್ಲೇ 'ಮಾದೇವ' ಎಂಬ ಮಾತು ಬಂತು. ನಾನು ಕೂತಲ್ಲಿಂದಲೇ ಕೈ ಎತ್ತಿದೆ. "ಅವ್ವ, ಇಲ್ಲಿ ದೇವರ ಹಾಡು ಬೇಡ." ಅವ್ವ ನಿಲ್ಲಿಸಿದಳು. ಸಿಟ್ಟಾಗಲಿಲ್ಲ, ಅಳಲಿಲ್ಲ, ಬಂದವರಿಗೆ ನೀರು ಕೊಡಲು ಹೋದಳು. ಅಲ್ಲಿಂದೀಚೆಗೆ ಯಾರ ಮದುವೆಯಲ್ಲೂ ಅವಳು ಹಾಡಿದ್ದನ್ನು ನಾನು ಕೇಳಿಲ್ಲ.

ಮಾರನೇ ದಿನ ಅವ್ವ ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಎದುರು ಕೂತು ನಾಲ್ಕು ಕಾಯಿ ಬಿಡಿಸಿದೆ. ಹುಳುವಿದ್ದ ಕಾಳನ್ನೇ ಪಾತ್ರೆಗೆ ಹಾಕಿದೆನೆಂದು ಕಾಣುತ್ತದೆ, ಅವ್ವ ಅದನ್ನೆತ್ತಿ ಎಸೆದು, "ಏನ್ ಬೇಕಾಗಿತ್ತಪ್ಪ?" ಎಂದಳು.

"ಸುಜಾತನ ಮದ್ವೇಲಿ ನೀನು ಹಾಡ್ಬೇಕಂತೆ."

"ಅವ್ಳು ಅಂದ್ಲು. ನೀನೇನಂತೀಯೆ?"

ಜೇಬಿನಿಂದ ಒಂದು ಚೀಟಿ ತೆಗೆದೆ. ಯಾವ ದೇವರ ಹೆಸರಿನ ಬದಲು ಯಾವ ಪದ ಹಾಕಬಹುದು ಎಂದು ರಾತ್ರಿ ಕೂತು ಪಟ್ಟಿ ಮಾಡಿದ್ದೆ. "ಹಾಡು ಅವತ್ತಿಂದೇ ಇರ್ಲಿ ಅವ್ವ. ಶುರುವಲ್ಲಿ ಮಾದೇವ ಅಂತ ಬರುತ್ತಲ್ಲ, ಅದೊಂದನ್ನ..."

ಅವ್ವ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಯಾವ್ ಮಾದೇವ ಅನ್ಕಂಡಿದ್ದೆ ನೀನು?"

"ಬೆಟ್ಟದ ಮಾದೇವ."

"ಅಯ್ಯೋ ಪೆದ್ದ! ಚಪ್ಪರದ ಕೆಳ್ಗೆ ಕುಂತವ್ನೆ ಮಾದೇವ ಅಂತ ಎತ್ಕಂಡೆ ಕಣೋ. ಅವತ್ತು ಚಪ್ಪರದ ಕೆಳ್ಗೆ ಕುಂತಿದ್ದೋನು ಯಾರು? ನೀನೇ ಅಲ್ವಾ? ಪೂರಾ ಕೇಳ್ದೇನೇ ಕೈ ಎತ್ಬುಟ್ಟೆ."

ನನ್ನ ಹೆಸರು ಮಹದೇವ. ಹಾಜರಿ ಪುಸ್ತಕದಲ್ಲೂ ಹಾಗೇ ಇದೆ. ಹುಟ್ಟಿದಾಗಿನಿಂದ ಅವ್ವ ನನ್ನನ್ನು ಕರೆಯುತ್ತಿರುವುದೇ ಮಾದೇವ ಎಂದು. ನನ್ನ ಮದುವೆಯಲ್ಲಿ ನನ್ನ ಮೇಲೆ ಕಟ್ಟಿದ ಹಾಡನ್ನು ನಾನೇ ನಿಲ್ಲಿಸಿದ್ದೆ. "ಅವತ್ತೇ ಹೇಳ್ಬಾರ್ದಿತ್ತಾ ಅವ್ವ?" ಎಂದೆ.

"ಓದ್ಕಂಡಿರೋ ಮಗ, ಅಷ್ಟು ಜನದ ಮುಂದೆ ನಿಂಗೆ ನಾಚ್ಕೆ ಆಗ್ಬಾರ್ದಲ್ಲ" ಎಂದು ಅವ್ವ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಚೀಟಿಯನ್ನು ಸಿಪ್ಪೆಯ ಜೊತೆ ಬುಟ್ಟಿಗೆ ಹಾಕಿ, ನಾನು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ.

ಮದುವೆಯ ದಿನ ಭಂತೇಜಿಯವರ ವಂದನೆ ಮುಗಿದ ಮೇಲೆ ಸುಜಾತಳೇ ಹೋಗಿ ಅಜ್ಜಿಯ ಕೈ ಹಿಡಿದು ಕರೆತಂದಳು. ಅವ್ವ ಮೈಕನ್ನು ಪಕ್ಕಕ್ಕೆ ತಳ್ಳಿ, ಕಿವಿಯ ಹತ್ತಿರ ಕೈಯಿಟ್ಟು ಹಾಡಿದಳು. ಹಾಡಿನಲ್ಲಿ ಚಪ್ಪರದ ಕೆಳಗೆ ಸುಜಾತ ಬಂದು ಕೂತಳು. ಅವಳ ಪಕ್ಕ ಹುಡುಗ ಕೂತ. ಅವಳಿಗೆ ಜಡೆ ಹೆಣೆದ ಕೈಗಳು, ಅವಳನ್ನು ಶಾಲೆಗೆ ಕರೆದೊಯ್ದ ಭಾಗ್ಯಳ ಸ್ಕೂಟರು, ಎಲ್ಲವೂ ಒಂದೊಂದಾಗಿ ಹಾಡಿನೊಳಗೆ ಬಂದು ಕೂತವು. 'ಹೆತ್ತಪ್ಪ ಮಾದೇವ' ಎಂಬಲ್ಲಿಗೆ ಬಂದಾಗ ಅವ್ವ ಚೂರು ತಡೆದು ನನ್ನ ಕಡೆ ನೋಡಿದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದೆ. ಭಾಗ್ಯ ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಈಗ ಅವ್ವನಿಗೆ ಬಿಡುವಿಲ್ಲ. ನೆಂಟರಿಷ್ಟರು, ಅವರ ನೆಂಟರು, ಎಲ್ಲರ ಮದುವೆಗೂ ಕರೆ ಬರುತ್ತದೆ. ಹೋದ ಭಾನುವಾರ ಚಾಮರಾಜಪುರಂನ ಒಂದು ಛತ್ರಕ್ಕೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದವರು ಅವ್ವನನ್ನು ಕೈಹಿಡಿದು ಒಳಗೆ ಕರೆದೊಯ್ದು, ನನ್ನ ಕಡೆ ತಿರುಗಿ, "ಡ್ರೈವರ್ರೂ ಊಟ ಮಾಡ್ಕೊಂಡೇ ಹೋಗ್ಬೇಕು" ಎಂದರು. ಅವ್ವ ತಿದ್ದುತ್ತಾಳೆಂದು ಕಾದೆ. ಅವಳು ನಗುತ್ತ, "ಇಂದ್ಗಡೆ ಸಾಲಲ್ಲಿ ಕುಂತ್ಕೊಳ್ಳಪ್ಪ, ನಿನ್ ಮುಖ ಕಂಡ್ರೆ ಪದ ಮರ್ತೋಯ್ತದೆ" ಎಂದಳು. ಹಿಂದಿನ ಸಾಲಿನಲ್ಲಿ, ಕಂಬದ ಮರೆಗೆ, ಉಸಿರು ಬಿಗಿಹಿಡಿದು, ಅಲುಗಾಡದೆ ಕೂತೆ. ಅವ್ವ ಹಾಡು ಎತ್ತಿದಳು.