ದರ್ಜಿಯ ಮನೆಯವರೆಗೆ ರನ್‌ವೇ

ಸಿಮೆಂಟ್ ಕಾರ್ಖಾನೆಯ ಯಜಮಾನರ ಖಾಸಗಿ ವಿಮಾನವು ನಮ್ಮ ಊರಿನ ವಿಮಾನ ನಿಲ್ದಾಣದಲ್ಲಿ ಯಶಸ್ವಿಯಾಗಿ ಇಳಿದು, ರನ್‌ವೇ ಮುಗಿದ ಮೇಲೂ ನಿಲ್ಲದೆ, ಕಾಂಪೌಂಡ್ ಗೋಡೆ ಒಡೆದು, ಆಚೆ ಬೀದಿಯ ದರ್ಜಿಯ ಮನೆಯ ಮುಂದಿನ ಕೋಣೆಯೊಳಗೆ ಮೂತಿ ತೂರಿಸಿ ನಿಂತಿತು.

ದರ್ಜಿಯೂ ಅವನ ಹೆಂಡತಿಯೂ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದುದರಿಂದ ಬದುಕಿಕೊಂಡರು. ಹೊಲಿಗೆ ಯಂತ್ರ ನಜ್ಜುಗುಜ್ಜಾಯಿತು. ಯಜಮಾನರು ಕೆಳಗಿಳಿದು ಕೋಟಿನ ಧೂಳು ಕೊಡವಿಕೊಂಡು, “ಇಲ್ಲಿಗೆ ಕಾರು ಬರುತ್ತೇನಯ್ಯಾ?” ಎಂದು ದರ್ಜಿಯನ್ನು ಕೇಳಿ ಹೊರಟುಹೋದರು. ಪೈಲಟ್ ಮಾತ್ರ ಇಳಿಯಲಿಲ್ಲ. ಅವನ ಬಲಗಾಲು ಜಜ್ಜಿದ ತಗಡಿನ ನಡುವೆ ಸಿಕ್ಕಿಕೊಂಡಿತ್ತು.

ದರ್ಜಿ ಹಾರೆ ತಂದು ತಗಡು ಮೀಟತೊಡಗಿದ. ಅಷ್ಟರಲ್ಲಿ ನಿಲ್ದಾಣಾಧಿಕಾರಿಗಳು ಜೀಪಿನಲ್ಲಿ ಬಂದರು.

“ಮುಟ್ಟಬೇಡ! ಅವರು ಅಲ್ಲೇ ಇರಲಿ.”

“ಸಾರ್, ಕಾಲು ಮುರಿದಿದೆ. ರಕ್ತ ಸೋರ್ತಿದೆ.”

“ನನಗೂ ಕಣ್ಣಿದೆ. ಈಗ ಇಳಿಸಿದ್ರೆ ಇದು ಅಪಘಾತ ಆಗಿಬಿಡುತ್ತೆ.”

ನಿಯಮ ಸ್ಪಷ್ಟವಾಗಿತ್ತು. ಪೈಲಟ್ ವಿಮಾನದಿಂದ ನಿಲ್ದಾಣದ ಗಡಿಯೊಳಗೆ ಇಳಿದರೆ ಅದು ‘ದೀರ್ಘ ನಿಲುಗಡೆ’, ಗಡಿಯಾಚೆ ಇಳಿದರೆ ‘ಅಪಘಾತ’. ಮಾರನೆಯ ದಿನವೇ ಮಂತ್ರಿಗಳು ಬಂದು ಈ ನಿಲ್ದಾಣಕ್ಕೆ ‘ಅಪಘಾತರಹಿತ’ ಪ್ರಶಸ್ತಿ ಕೊಡುವವರಿದ್ದರು. ವೇದಿಕೆಗೆ ಬಣ್ಣ ಬಳಿದೂ ಆಗಿತ್ತು. ಆದಕಾರಣ ಪೈಲಟ್ ಗಡಿಯೊಳಗೆ ಬರಲಾಗದಿದ್ದರೆ, ಗಡಿಯೇ ಪೈಲಟ್ ಇದ್ದಲ್ಲಿಗೆ ಬರತಕ್ಕದ್ದೆಂದು ಅಧಿಕಾರಿಗಳು ತೀರ್ಮಾನಿಸಿದರು.

ಭೂಮಾಪಕರು ಬಂದು ಹಗ್ಗ ಹಿಡಿದು ಸುಣ್ಣದ ಗೆರೆ ಎಳೆಯತೊಡಗಿದರು. ಮಂತ್ರಿಗಳ ಒಪ್ಪಿಗೆಗಾಗಿ ಫೋನ್ ಮಾಡಲಾಯಿತು. ಅವರು ಊಟಕ್ಕೆ ಕೂತಿದ್ದರು, ಆಮೇಲೆ ಮಲಗಿದರು.

ದರ್ಜಿಯ ಹೆಂಡತಿ ಒಡೆದ ಗಾಜಿನ ಸಂದಿಯಿಂದ ಪೈಲಟ್‌ಗೆ ನೀರು ಕುಡಿಸಿದಳು.

“ಅಕ್ಕಾ, ಗೆರೆ ಎಲ್ಲಿವರೆಗೆ ಬಂತು?”

“ಹೊಸ್ತಿಲ ಹತ್ರ ಬಂತಪ್ಪಾ. ಇನ್ನೊಂದು ಸ್ವಲ್ಪ ಹಲ್ಲು ಕಚ್ಚಿಕೊಂಡಿರು.”

ಸಂಜೆ ಒಪ್ಪಿಗೆ ಬಂತು. “ಅಡುಗೆಮನೇನೂ ಸೇರಿಸಿ. ನಾಳೆ ದೊಡ್ಡ ವಿಮಾನ ಬಂದ್ರೆ?” ಎಂದು ಮಂತ್ರಿಗಳು ದೂರದೃಷ್ಟಿ ತೋರಿದರು. ಗೆರೆ ಹಿತ್ತಲು ದಾಟಿ ಮನೆಯೆಲ್ಲ ರನ್‌ವೇ ಎಂದಾದ ಮೇಲೆ ಪೈಲಟನನ್ನು ಇಳಿಸಲಾಯಿತು. ಬೆಳಿಗ್ಗೆಯೇ ತಂದಿದ್ದರೆ ಕಾಲು ಉಳಿಯುತ್ತಿತ್ತೆಂದು ವೈದ್ಯರು ಹೇಳಿದರು. ನಿಲ್ದಾಣದ ಪ್ರಕಟಣೆ ಹೀಗಿತ್ತು: “ಪೈಲಟ್ ಸುರಕ್ಷಿತವಾಗಿ ಇಳಿದಿರುತ್ತಾರೆ. ಕಾಲಿನ ವಿಷಯ ಆರೋಗ್ಯ ಇಲಾಖೆಗೆ ಸೇರಿದ್ದಾಗಿರುತ್ತದೆ.”

“ಸಾರ್, ನಮ್ಮನೆ ಗತಿ?” ಎಂದು ದರ್ಜಿ ಅಧಿಕಾರಿಗಳನ್ನು ಕೇಳಿದ.

“ಮನೆ ಅನ್ನಬೇಡ. ನೀನು ರನ್‌ವೇ ಮೇಲೆ ಸಂಸಾರ ಹೂಡಿದೀಯ. ಸಾಲದು ಅಂತ ವಿಮಾನಕ್ಕೆ ಹೊಲಿಗೆ ಯಂತ್ರ ಅಡ್ಡ ಇಟ್ಟಿದೀಯ.”

ದರ್ಜಿ ಹಾರೆಯನ್ನು ನೆಲಕ್ಕೆ ಕುಕ್ಕಿದ. “ವಿಮಾನ ನನ್ನ ಮನೆಗೆ ಬಂತು ಸಾರ್. ನಾನೇನು ಅದರ ಮನೆಗೆ ಹೋಗಿರಲಿಲ್ಲ!”

“ಕೋರ್ಟಲ್ಲಿ ಹೇಳು. ತೀರ್ಪು ಬರೋವರೆಗೆ ಇಲ್ಲೇ ಇರು, ನಾವೇನು ಕಟುಕರಲ್ಲ.”

ಪ್ರಶಸ್ತಿ ಸಮಾರಂಭ ಸಾಂಗವಾಗಿ ನೆರವೇರಿತು. ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಫೋಟೋ ಚೆನ್ನಾಗಿ ಬರುವುದಿಲ್ಲವೆಂದು ಪೈಲಟನನ್ನು ಕರೆದಿರಲಿಲ್ಲ. ವಿಮಾನವನ್ನು ಎಳೆದೊಯ್ದರು, ರನ್‌ವೇ ಮೇಲೆ ಗೋಡೆ ಕಟ್ಟುವಂತಿಲ್ಲವಾದ್ದರಿಂದ ದರ್ಜಿಯ ಮುಂದಿನ ಕೋಣೆ ತೆರೆದೇ ಉಳಿಯಿತು. ಗಿರಾಕಿಗಳು ಆರಂಭದಲ್ಲಿ ಹೆದರಿದರು, ಆಮೇಲೆ ಗಾಳಿ ಚೆನ್ನಾಗಿ ಬರುತ್ತದೆ ಎಂದರು.

ಈಗ ದರ್ಜಿಯ ಹೆಂಡತಿ ಒಳಗೆ ಓಡಾಡುವ ಮೊದಲು ನಿಯಂತ್ರಣ ಗೋಪುರಕ್ಕೆ ಫೋನ್ ಮಾಡುತ್ತಾಳೆ.

“ಅಣ್ಣಾ, ಒಲೆ ಮೇಲೆ ಹಾಲಿಟ್ಟಿದೀನಿ. ಅಡುಗೆಮನೆಗೆ ಹೋಗಲಾ?”

“ಸ್ವಲ್ಪ ತಡೀರಿ ಅಕ್ಕಾ, ಒಂದು ಇಳೀತಿದೆ.”

“ಆಗಲಿ ಬಿಡಿ,” ಎಂದು ಅವಳು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾಳೆ. ಹಾಲು ಉಕ್ಕುತ್ತದೆ.