ನಮ್ಮ ಮಾವನವರ ಮಿಷಿನ್ ಕಾವಲು

ಖಾಯಂ ಎಂಬ ಪದ ನನ್ನ ಬದುಕಿನಲ್ಲಿ ವಿಳಾಸದ ಹಿಂದೆ ಮಾತ್ರ ಅಂಟಿಕೊಂಡಿದೆ. ಖಾಯಂ ವಿಳಾಸ ಕೇಳಿದ ಕಡೆಯೆಲ್ಲ ತುಮಕೂರಿನ ಶಿರಾ ಗೇಟ್ ಹತ್ತಿರದ ನಮ್ಮ ಮನೆಯನ್ನು ಧೈರ್ಯವಾಗಿ ಬರೆಯುತ್ತೇನೆ. ಉದ್ಯೋಗ ಏನು ಎಂದು ಕೇಳಿದಾಗ ಮಾತ್ರ ಸ್ವಲ್ಪ ತಡವರಿಸುತ್ತೇನೆ. ನಾನು ಪೋಸ್ಟ್‌ಡಾಕ್. ಹಾಗಂದರೇನು ಎಂದು ನೆಂಟರು ಕೇಳಿದರೆ, ಪಿಎಚ್‌ಡಿ ಮುಗಿಸಿದವರಿಗೆ ಕೆಲಸ ಸಿಗುವ ತನಕ ಕೊಡುವ ಕೆಲಸ ಎನ್ನುತ್ತೇನೆ. ಅದು ಒಂದು ವರ್ಷದ್ದು. ಆಮೇಲೆ ಇನ್ನೊಂದು ವರ್ಷ ಕೊಟ್ಟರೂ ಕೊಡಬಹುದು, ಕೊಡದಿದ್ದರೂ ಕೇಳುವ ಹಾಗಿಲ್ಲ. ಹೀಗೆ ಅವರು ಕೊಡುತ್ತಾ ನಾನು ತೆಗೆದುಕೊಳ್ಳುತ್ತಾ ತಲೆಯಲ್ಲಿ ಬಿಳಿಕೂದಲು ಬಂದಿವೆ. ಅವು ವರ್ಷಕ್ಕೊಮ್ಮೆ ಯಾರ ಅನುಮತಿಯನ್ನೂ ಕೇಳದೆ ಮುಂದುವರಿಯುತ್ತಿವೆ.

ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ನಾನು ಮಾಡುವುದು ಕುದಿಯುವ ನೀರಿನ ಲೆಕ್ಕ. ಕಾದ ತಟ್ಟೆಯ ಮೇಲೆ ಗುಳ್ಳೆ ಹೇಗೆ ಹುಟ್ಟುತ್ತದೆ, ಹೇಗೆ ದಪ್ಪವಾಗುತ್ತದೆ, ಯಾವ ಗಳಿಗೆಯಲ್ಲಿ ತಳ ಬಿಟ್ಟು ಮೇಲೇಳುತ್ತದೆ ಎಂದು ಸೂಪರ್ ಕಂಪ್ಯೂಟರನ್ನು ಕೇಳುವುದು. ಒಂದು ಗುಳ್ಳೆಯ ಅರೆಗಳಿಗೆಯ ಬಾಳಿಗೆ ಅದು ದಿನಗಟ್ಟಲೆ ಲೆಕ್ಕ ಹಾಕುತ್ತದೆ. ವಾರದಲ್ಲಿ ಒಂದೆರಡು ದಿನ ರೈಲಿನಲ್ಲಿ ಹೋಗಿಬರುತ್ತೇನೆ, ಉಳಿದಂತೆ ಮನೆಯಿಂದಲೇ ಕೆಲಸ. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದಾಗ ನಮ್ಮ ಅತ್ತೆ, "ನೀರು ಕುದಿಯೋದು ನೋಡಕ್ಕೆ ಅಷ್ಟ್ ದೊಡ್ಡ ಕಂಪ್ಯೂಟ್ರು ಯಾಕಮ್ಮ, ಒಲೆ ಮುಂದೆ ನಿಂತ್ಕೊಂಡ್ರೆ ಕಾಣ್ಸಲ್ವಾ?" ಎಂದು ಕೇಳಿದ್ದರು. ಒಲೆ ಮುಂದೆ ನಿಂತಾಗಲೇ ನನಗೆ ಕಾಣಿಸುವುದಿಲ್ಲ. ಹಾಲಿಟ್ಟು ಗುಳ್ಳೆಗಳ ಯೋಚನೆಯಲ್ಲಿ ಮುಳುಗಿದರೆ ಹಾಲು ಉಕ್ಕಿ, ಒಲೆ ತೊಯ್ದು, ಕಟ್ಟೆಯಿಂದ ಕೆಳಗಿಳಿದ ಮೇಲೆಯೇ ನನಗೆ ಎಚ್ಚರ. ವರ್ಷಗಟ್ಟಲೆ ಬೈಸಿಕೊಂಡ ಫಲವಾಗಿ ಈಚೆಗೆ ಸ್ವಲ್ಪ ಸುಧಾರಿಸಿದ್ದೇನೆ. ಹಾಲು ಮೇಲೇಳುತ್ತಿದ್ದಂತೆ ನನ್ನ ಕೈ ನನ್ನನ್ನು ಕೇಳದೆಯೇ ಗ್ಯಾಸ್ ಆರಿಸುತ್ತದೆ.

ಮಾವನವರ ಕಥೆ ಬೇರೆ. ಗುಬ್ಬಿ ಕಡೆಯವರಾದ ಅವರು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮಿಷಿನ್ ನಡೆಸಿ ನಿವೃತ್ತರಾದವರು. ಅವರೂ ಬಹಳ ಕಾಲ ಕಾಂಟ್ರಾಕ್ಟ್ ಮೇಲೆಯೇ ಇದ್ದರು. ಪರ್ಮನೆಂಟ್ ಆಗಿದ್ದಕ್ಕೆ ಅವರು ಹೇಳುವ ಕಾರಣ ಒಂದೇ: ಓಡುವ ಮಿಷಿನ್ ಬಿಟ್ಟು ಅವರು ಟೀ ಕುಡಿಯಲೂ ಹೋಗುತ್ತಿರಲಿಲ್ಲ, ಮ್ಯಾನೇಜರು ಯಾವಾಗ ಬಂದರೂ ಇವರು ಅಲ್ಲೇ ನಿಂತಿರುತ್ತಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ಅಂಕಿಗಳ ಸಾಲು ಸರಸರ ಮೇಲೇರುವುದನ್ನು ನೋಡಿ, ಇದೇ ಆ ಸೂಪರ್ ಕಂಪ್ಯೂಟರ್ ಎಂದು ಅವರು ತೀರ್ಮಾನ ಮಾಡಿಬಿಟ್ಟರು. ಸೊಸೆಯನ್ನು ಪರ್ಮನೆಂಟ್ ಮಾಡಿಸುವ ದಾರಿ ಅವರಿಗೆ ಗೊತ್ತಿತ್ತಲ್ಲ, ಕೆಲಸಕ್ಕೆ ಇಳಿದೇಬಿಟ್ಟರು. ನಾನು ಸ್ನಾನಕ್ಕೋ ಅಡುಗೆಮನೆಗೋ ಎದ್ದರೆ ಪೇಪರ್ ಹಿಡಿದು ಅದರ ಪಕ್ಕ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಅತ್ತೆ ಮಿಕ್ಸಿಗೆ ಕೈ ಹಾಕಿದರೆ, "ಲೋಡ್ ಜಾಸ್ತಿ ಆಯ್ತದೆ, ಚಟ್ನಿ ಆಮೇಲೆ ರುಬ್ಕೊ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ದೋಸೆಗೆ ಚಟ್ನಿಪುಡಿಯೇ ಗತಿಯಾದ ದಿನಗಳುಂಟು, ಅದಕ್ಕೆ ಬೈಗುಳ ಬೀಳುತ್ತಿದ್ದದ್ದು ನನಗೆ.

"ಮಾವ, ಲೆಕ್ಕ ನಡೀತಿರೋದು ಬೆಂಗಳೂರಲ್ಲಿ. ಇದು ಬರೀ ನೋಡೋದಕ್ಕೆ" ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ.

"ಅಲ್ಲಿ ಓಡ್ತಿದ್ರೆ ಇಲ್ಲಿ ನೀನ್ಯಾಕಮ್ಮ ಊಟ ಬುಟ್ಟು ಕೂತಿರ್ತೀಯ?" ಎಂದರು ಅವರು. ದೇಶವಿದೇಶದ ಸಮ್ಮೇಳನಗಳಲ್ಲಿ ಎಂತೆಂಥ ಪ್ರಶ್ನೆಗಳನ್ನೋ ಎದುರಿಸಿದವಳು ಸುಮ್ಮನೆ ಸೌತೆಕಾಯಿ ಹೆಚ್ಚಲು ಹೋದೆ.

ಈ ಸಲದ ಒಪ್ಪಂದ ಮುಗಿಯುವ ತಿಂಗಳು ನಮ್ಮ ಪ್ರೊಫೆಸರು, "ಈ ಲೆಕ್ಕ ಸರಿಯಾಗಿ ಬರ್ಲಿ, ಆಮೇಲೆ ಮುಂದಿನ ವಿಷಯ ನೋಡೋಣ" ಎಂದಿದ್ದರು. ಬರದಿದ್ದರೆ ಕೆಲಸವಿಲ್ಲದೆ ಮನೆಯಲ್ಲೇ ಇರಬೇಕಾಗುತ್ತದೆ ಎಂದು ಅದರ ಅರ್ಥ. ಲೆಕ್ಕ ಓಡುತ್ತಿರುವಾಗಲೇ ನಮ್ಮ ಯಜಮಾನರ ಚಿಕ್ಕಮ್ಮನ ಮಗಳು ಶೋಭಾಳ ಗೃಹಪ್ರವೇಶ ಬಂತು, ಕುಣಿಗಲ್‌ನಲ್ಲಿ. ಲ್ಯಾಪ್‌ಟಾಪ್ ಮುಚ್ಚಿ ಹೊರಡೋಣವೆಂದರೆ ಮಾವ ಬಿಡಲಿಲ್ಲ. "ಓಡೋ ಮಿಷಿನ್ನ ಬುಟ್ಟು ಎಲ್ರೂ ಹೋಗದಾ? ನೀವು ಹೋಗ್ಬನ್ನಿ, ನಾನು ಇದೀನಿ" ಎಂದು ಕುರ್ಚಿ ಎಳೆದುಕೊಂಡರು. ಶಾಲು ಹೊದ್ದು ಕೂತ ಅವರನ್ನು ಅಲ್ಲಿಂದ ಏಳಿಸುವುದು ಸೂಪರ್ ಕಂಪ್ಯೂಟರಿಂದಲೂ ಆಗುತ್ತಿರಲಿಲ್ಲ. ನಾನು, ಅತ್ತೆ, ಯಜಮಾನರು ಹೊರಟೆವು.

ಕುಣಿಗಲ್‌ನಲ್ಲಿ ಹೊಸ ಅಡುಗೆಮನೆಯ ತುಂಬ ಜನ. ಹಾಲು ಉಕ್ಕಿಸುವ ಹೊತ್ತಿಗೆ ಶೋಭಾ, "ಅತ್ತಿಗೆ ಕುದಿಯೋದ್ರ ಮೇಲೇ ಡಾಕ್ಟ್ರೇಟ್ ಮಾಡಿರೋರು, ಅವ್ರೇ ಉಕ್ಕಿಸ್ಲಿ" ಎಂದು ಪ್ರೀತಿಯಿಂದ ನನ್ನನ್ನು ಒಲೆಯ ಮುಂದೆ ನಿಲ್ಲಿಸಿದಳು. ಸುತ್ತಲೂ ಮೊಬೈಲುಗಳು ಮೇಲೆದ್ದವು. ಪುರೋಹಿತರ ಮಂತ್ರ ಏರಿತು, ಹಾಲೂ ಏರಿತು. ಹೊಸ ಪಾತ್ರೆಯ ಅಂಚಿಗೆ ನೊರೆ ಬಂದು ಇನ್ನೇನು ಹೊರಗೆ ಚೆಲ್ಲಬೇಕು, ನನ್ನ ಕೈ ಹೋಗಿ ಗ್ಯಾಸ್ ಆರಿಸಿಬಿಟ್ಟಿತು. ಹಾಲು ಸದ್ದಿಲ್ಲದೆ ತಳಕ್ಕೆ ಇಳಿದುಹೋಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು, ನಗುವಿಗೋ ನಾಚಿಕೆಗೋ ನಾನು ಇವತ್ತಿಗೂ ಕೇಳಿಲ್ಲ. ಪುರೋಹಿತರು ದೊಡ್ಡ ಮನಸ್ಸು ಮಾಡಿ, "ಚಿಂತೆಯಿಲ್ಲ, ಮುಹೂರ್ತ ಇನ್ನೂ ಇದೆ, ಇನ್ನೊಂದ್ಸಲ ಹಚ್ಚಿ" ಎಂದರು. ಈ ಸಲ ಯಜಮಾನರು ನನಗೂ ಒಲೆಗೂ ನಡುವೆ ನಿಂತರು. ಹಾಲು ಚೆನ್ನಾಗಿಯೇ ಉಕ್ಕಿತು.

ಊಟಕ್ಕೆ ಕೂರುವಷ್ಟರಲ್ಲಿ ಮಾವನವರ ಫೋನ್ ಬಂತು.

"ಸುಮಾ, ಒಂದು ತಪ್ಪಾಗೋಯ್ತು ಕಣಮ್ಮ. ಮಿಷಿನ್ನು ಕೆಂಡದಂಗೆ ಸುಡ್ತಿತ್ತು. ಹತ್ಕೊಂಡ್ರೆ ಏನ್ ಗತಿ ಅಂತ ಬಟನ್ ಒತ್ತಿ ಆಫ್ ಮಾಡ್ಬುಟ್ಟೆ. ಈಗ ಆನ್ ಮಾಡಿದ್ರೆ ಏನೂ ಓಡ್ತಿಲ್ಲ."

"ಏನೂ ಆಗಿಲ್ಲ ಮಾವ. ಲೆಕ್ಕ ಅಲ್ಲಿ ನಡೀತಾನೇ ಇರುತ್ತೆ. ನೀವು ಊಟ ಮಾಡಿ."

"ಸಮಾಧಾನಕ್ಕೆ ಹೇಳ್ಬ್ಯಾಡ ಬುಡು. ಇಷ್ಟು ವರ್ಷ ನೀನು ಕಷ್ಟಪಟ್ಟಿದ್ದೆ. ನನ್ನಿಂದ ನಿನ್ ಪರ್ಮನೆಂಟ್ ಹೋಯ್ತಲ್ಲಮ್ಮ" ಎಂದರು. ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆ. ನನ್ನ ಕೆಲಸಕ್ಕಾಗಿ ಇನ್ನೊಬ್ಬರು ಇಷ್ಟು ಸಂಕಟಪಟ್ಟದ್ದನ್ನು ನಾನು ಕಂಡಿರಲೇ ಇಲ್ಲ. ತಾಂಬೂಲ ತೆಗೆದುಕೊಂಡವಳೇ ಎಲ್ಲರನ್ನೂ ಹೊರಡಿಸಿದೆ.

ಮನೆಗೆ ಬಂದರೆ ಮಾವನವರು ಊಟ ಮಾಡದೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಅವರೆದುರಿಗೇ ಲಾಗಿನ್ ಆಗಿ ತೋರಿಸಿದೆ. ಅಂಕಿಗಳು ಎಂದಿನಂತೆ ಸರಸರ ಮೇಲೇರುತ್ತಿದ್ದವು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ನಿಂತಿದ್ದು ಹೆಂಗೆ ಚಾಲೂ ಆಯ್ತು?" ಎಂದರು. ನಿಂತಿರಲೇ ಇಲ್ಲ ಮಾವ ಎಂದೆ. ತಲೆಯಾಡಿಸಿದರು, ನಂಬಲಿಲ್ಲ. ಅನ್ನ ಕಲಸುವಾಗಲೂ ಅವರ ಕಣ್ಣು ಆ ಕಡೆಗೇ ಇತ್ತು.

ಲೆಕ್ಕ ಸರಿಯಾಗಿಯೇ ಬಂತು. ಪ್ರೊಫೆಸರು ಫೋನ್ ಮಾಡಿ ಅಭಿನಂದಿಸಿ, ಒಪ್ಪಂದ ಮುಂದುವರಿಸಿರುವುದಾಗಿ ಹೇಳಿದರು. ನಾನು ಓಡಿಹೋಗಿ ಮಾವನವರಿಗೆ ತಿಳಿಸಿದೆ.

"ಪರ್ಮನೆಂಟಾ?"

"ಇಲ್ಲ ಮಾವ, ಒಂದು ವರ್ಷ."

ಅವರು ಪೇಪರನ್ನು ನಿಧಾನವಾಗಿ ಮಡಿಸಿದರು. "ನಾನು ಆವತ್ತು ಆಫ್ ಮಾಡ್ದೆ ನೋಡು, ಅದಕ್ಕೇ ಒಂದೇ ವರ್ಷ ಕೊಟ್ಟವ್ರೆ."

"ಅಯ್ಯೋ, ಅದಕ್ಕಲ್ಲ ಮಾವ."

"ಮತ್ಯಾತಕ್ಕಮ್ಮ?"

ಇಷ್ಟು ಸಲ ಒಂದೊಂದೇ ವರ್ಷ ಕೊಟ್ಟವರಲ್ಲಿ ಒಬ್ಬರೂ ಯಾಕೆಂದು ಹೇಳಿಲ್ಲ, ನಾನೂ ಕೇಳಿಲ್ಲ. ನಿಮ್ಮ ತಪ್ಪಲ್ಲ ಎಂದು ಮಾವನವರಿಗೆ ದಿನಾ ಹೇಳುತ್ತಲೇ ಇದ್ದೇನೆ. ಆದರೆ ಅವರ ಹತ್ತಿರ ಒಂದು ಕಾರಣವಾದರೂ ಇದೆ, ನನ್ನ ಹತ್ತಿರ ಅದೂ ಇಲ್ಲ.